ನೂರಕ್ಕೆ ಸೊನ್ನೆ

ಧರಿಸಿದವರ ಪರಿಚಯ ಮಾಡಿಕೊಂಡರೆ ಎಷ್ಟು ಲಾಭವೆಂಬುದನ್ನು ನೂರಕ್ಕೆ ಇಷ್ಟು ಅಂಕವೆಂದು ತೋರಿಸುವ ಬಿಲ್ಲೆ ಈಗ ಎಲ್ಲರ ಎದೆಗೂ ಕಡ್ಡಾಯ. ಹುಬ್ಬಳ್ಳಿಯ ಉದ್ಯಮಿಗಳ ಕೂಟಕ್ಕೆ ಬಂದ ಪಂಪ್ ಎಂಜಿನಿಯರ್ ನಿರ್ಮಲಾಳ ಬಿಲ್ಲೆಯಲ್ಲಿ ಸೊನ್ನೆಯಿತ್ತು. ಬೆಳಿಗ್ಗೆಯಷ್ಟೇ ಅವಳ ಕೆಲಸ ಹೋಗಿತ್ತು. ತೊಂಬತ್ತು ಅಂಕದ ಪಾಟೀಲರು ಅದನ್ನು ನೋಡಿದ್ದೇ, ಕುಲುಕಲು ಚಾಚಿದ ಕೈಯಿಂದ ತಲೆ ಕೆರೆದುಕೊಂಡು ಸರಿದುಹೋದರು.

ಅವಮಾನ ನುಂಗಿಕೊಂಡು ಅವಳು ಮೂಲೆಯಲ್ಲಿ ಕೂತಳು. ಪಕ್ಕದಲ್ಲಿ ಇನ್ನೊಂದು ಸೊನ್ನೆ, ಲೇತ್ ಮೇಸ್ತ್ರಿ ಮಕಬೂಲಸಾಬ್.

"ಮೊದ್ಲ ಚಾ ಕುಡೀರಿ ಅಕ್ಕಾರ," ಎಂದರು.

ಮಾತು ಪಂಪಿನತ್ತ ಹೊರಳಿತು. ಅವಳು ಗೀಚಿದ ನಕ್ಷೆಯನ್ನು ಅವರು ತಿದ್ದಿದರು. ಇಬ್ಬರೂ ಸೇರಿ ವರ್ಕ್‌ಶಾಪ್ ತೆರೆಯುವುದೆಂದು ಮಾತಾಯಿತು. ಆ ಕ್ಷಣವೇ ಎರಡೂ ಬಿಲ್ಲೆಗಳು ಎಪ್ಪತ್ತಕ್ಕೇರಿದವು.

ಪಾಟೀಲರು ಓಡಿಬಂದರು. "ಮೇಡಂ, ಆಗ ನಿಮ್ಮ ಗುರ್ತ ಸಿಗಲಿಲ್ಲ ನೋಡ್ರಿ!"

"ನನಗ ಈಗ ನಿಮ್ಮ ಗುರ್ತ ಸಿಗವಲ್ದ್ರೀ ಸಾಹೇಬ್ರ," ಎಂದಳು ನಿರ್ಮಲಾ.