ಎಡಗಿವಿಯ ಮೇಲಿನ ಸುಳಿ

ಹುಡುಗಿ ಮತ್ತೆ ಅವನ ತಲೆಯನ್ನೇ ನೋಡಿದಳು. ಇದು ಮೂರನೆಯ ಸಲ.

ಕದಿರೇಶನ್ ಬಜ್ಜಿ ಮುರಿಯುವ ನೆಪದಲ್ಲಿ ಮುಖ ತಗ್ಗಿಸಿದ. ತಗ್ಗಿಸಿದರೆ ನೆತ್ತಿ ಇನ್ನೂ ಚೆನ್ನಾಗಿ ಕಾಣುತ್ತದೆಂದು ಹೊಳೆದು ತಟ್ಟನೆ ಎತ್ತಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಫ್ಯಾನಿನ ಕೆಳಗಿನ ಕುರ್ಚಿ ಬೇಡವೆಂದು ಅವನು ಮೂಲೆ ಹಿಡಿದದ್ದನ್ನೂ ಅವಳು ಗಮನಿಸಿರಬೇಕು.

ದಿಂಡಿಗಲ್ಲಿನ ಬೀಗದಂಗಡಿಯಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಎಂಥ ಬೀಗವನ್ನಾದರೂ ತೆಗೆಯುತ್ತಿದ್ದ. ಮದುವೆಯ ಬಾಗಿಲೊಂದು ಮಾತ್ರ ತೆರೆದಿರಲಿಲ್ಲ. ಮೂವತ್ತಕ್ಕೇ ನೆತ್ತಿ ಬಯಲಾದ ಮೇಲೆ ಹನ್ನೊಂದು ಮನೆಯವರು ಬಜ್ಜಿ, ಕೇಸರಿಬಾತು ತಿನ್ನಿಸಿ ಕಳಿಸಿಕೊಟ್ಟಿದ್ದರು. ಒಂದು ಮನೆಯ ಹುಡುಗಿಯಂತೂ, ಅಪ್ಪ ಬಂದಿದ್ದಾರೆ, ಹುಡುಗ ಎಲ್ಲಿ ಎಂದು ಕೇಳಿದ್ದಳು. ಅಂದಿನಿಂದ ಅವನು ಕನ್ನಡಿಯಲ್ಲಿ ಹುಬ್ಬಿನಿಂದ ಮೇಲಕ್ಕೆ ನೋಡಿಕೊಂಡಿರಲಿಲ್ಲ.

ಕೊನೆಗೆ ಅಕ್ಕ ತಾಯಮ್ಮಾಳ್ ಅವನನ್ನು ಕೊಯಮತ್ತೂರಿಗೆ ಎಳೆದುಕೊಂಡು ಹೋಗಿ ವಿಗ್ ಕೊಡಿಸಿದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದಿದ್ದಾರೆ ಹಿರಿಯರು, ಇದು ಒಂದೇ ಸುಳ್ಳಲ್ಲವೇ ಎಂಬುದು ಅವಳ ವಾದ. ಹೊರದೇಶಕ್ಕೆ ಹೋಗಬೇಕಾಗಿದ್ದ ಮಾಲು, ಅಪ್ಪಟ ಮನುಷ್ಯರ ಕೂದಲು ಎಂದು ಅಂಗಡಿಯವನು ಆಣೆಯಿಟ್ಟಿದ್ದ. ಎಡಗಿವಿಯ ಮೇಲಿನ ಸುಳಿಯೊಂದು ಮಾತ್ರ ಎಷ್ಟು ಎಣ್ಣೆ ಹಚ್ಚಿದರೂ ಮಲಗುತ್ತಿರಲಿಲ್ಲ. ಅಸಲಿ ಎನ್ನುವುದಕ್ಕೆ ಅದೇ ಸಾಕ್ಷಿ ಎಂದಿದ್ದಳು ಅಕ್ಕ.

ಹುಡುಗಿಯ ಹೆಸರು ಪೂಂಗೊಡಿ. ವಯಸ್ಸು ಇಪ್ಪತ್ತೊಂಬತ್ತು. ತಿರುಪ್ಪೂರಿನ ಎಕ್ಸ್‌ಪೋರ್ಟ್ ಕಂಪನಿಯೊಂದರಲ್ಲಿ ಸೂಜಿ ಕೆಲಸ ಎಂದು ದಲ್ಲಾಳಿ ಹೇಳಿದ್ದ. ತಿರುಪ್ಪೂರೆಂದರೆ ಬನಿಯನ್ನು, ಅದರ ಬಗ್ಗೆ ಯಾರೂ ಹೆಚ್ಚು ಕೇಳಲಿಲ್ಲ. ಕಾಫಿ ಕೊಡುವಾಗ ಅವಳ ಬೆರಳ ತುದಿಗಳು ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಒರಟಾಗಿದ್ದುದು ಅವನಿಗೆ ಕಂಡಿತು. ಅವಳು ಅವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಅದು ಅವನಿಗೆ ತುಂಬ ಹಿಡಿಸಿತು. ಈ ಹುಡುಗಿಯೇ ಬೇಕು ಎಂದು ಮನಸ್ಸು ಆಗಲೇ ಹಠ ಹಿಡಿಯಿತು, ಅದರ ಬೆನ್ನಿಗೇ ಹೆದರಿಕೆಯೂ ಹತ್ತಿಕೊಂಡಿತು.

ಅಷ್ಟರಲ್ಲಿ ಅವನ ತಟ್ಟೆಯ ಕೇಸರಿಬಾತಿನಲ್ಲಿ ಒಂದು ಕೂದಲು ಸಿಕ್ಕಿತು. ಹುಡುಗಿಯ ತಾಯಿ ನಾಚಿಕೆಯಿಂದ ಕುಗ್ಗಿಹೋದರು. ಪೂಂಗೊಡಿ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು, ಉಗುರಿನಿಂದ ಒಮ್ಮೆ ನೀವಿ ನೋಡಿದಳು.

"ಇದು ನಮ್ಮನೇದಲ್ಲಮ್ಮಾ" ಎಂದಳು.

ಕದಿರೇಶನ್‌ನ ಕೈ ತಾನಾಗಿಯೇ ಎಡಗಿವಿಯ ಮೇಲಕ್ಕೆ ಹೋಯಿತು. ಅವಳು ಕೂದಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಗಂಡು ಒಪ್ಪಿಗೆಯೇ, ಆದರೆ ತನ್ನದೊಂದು ಷರತ್ತಿದೆ ಎಂದಳು. ಮದುವೆ ಕೂಡಿಬಂದರೆ ಗಂಡು ಪಳನಿಯಲ್ಲಿ ಮುಡಿ ಕೊಡುತ್ತಾನೆಂದು ಹರಕೆ ಹೊತ್ತಿದ್ದಾಳಂತೆ. ನಿಶ್ಚಿತಾರ್ಥಕ್ಕೆ ಮೊದಲೇ ಅದು ಆಗಬೇಕಂತೆ.

"ಯಾವ ಹರಕೆನೇ? ಯಾವಾಗ ಹೊತ್ತೆ?" ತಾಯಿ ಕೇಳಿದರು.

"ಹೊತ್ತಿದ್ದೀನಿ, ಬಿಡಮ್ಮಾ."

ಬೋಳುತಲೆಯ ಮದುಮಗನನ್ನು ಹಸೆಮಣೆಯ ಮೇಲೆ ಹೇಗೆ ಕೂರಿಸುವುದು ಎಂದು ಅಕ್ಕ ಹುಸಿಮುನಿಸು ತೋರಿದಳು. ಪೇಟ ಇರುವುದು ಯಾಕೆ ಎಂದಳು ಪೂಂಗೊಡಿ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಬೋಳಾಗಿ ಬಾ ಎಂದು ಹುಡುಗಿಯೇ ಕೇಳಿದ ಮೇಲೆ ಇನ್ನೇನು ಭಯ? ಆಮೇಲೆ ಅದು ಬೆಳೆಯಬೇಕಲ್ಲ ಎಂದ ಕದಿರೇಶನ್.

"ತಾಳಿ ಕಟ್ಟಿದ್ಮೇಲೆ ತಲೆ ಯಾರು ನೋಡ್ತಾರೋ" ಎಂದಳು ಅಕ್ಕ.

ಪಳನಿಯಲ್ಲಿ ಅವನು ವಿಗ್ಗನ್ನು ಹಳದಿ ಕೈಚೀಲಕ್ಕೆ ತುರುಕಿ ಕ್ಷೌರಿಕನ ಮುಂದೆ ಕೂತ. ಕ್ಷೌರಿಕ ಕತ್ತಿ ಹಿಡಿದು, ಕಿವಿಯ ಸುತ್ತ ಉಳಿದಿದ್ದ ನಾಲ್ಕು ಎಳೆಗಳನ್ನು ಹುಡುಕಿದ.

"ಮುರುಗನಿಗೆ ಅಂತ ಏನಾದ್ರೂ ಉಳಿಸ್ಕೊಂಡು ಬರೋದಲ್ವೇನಪ್ಪಾ?"

ಸುತ್ತ ಕೂತವರೆಲ್ಲ ನಕ್ಕರು. ಕದಿರೇಶನ್‌ಗೆ ನಗು ಬರಲಿಲ್ಲ. ಮನುಷ್ಯರಿಗೆ ಹೇಳಿದ ಸುಳ್ಳು ಸಾಲದೆಂದು ಬೆಟ್ಟದ ಮೇಲಿನವನಿಗೂ ಹೇಳಲು ಹೊರಟಿದ್ದೇನೆ ಅನ್ನಿಸಿತು. ತಲೆಗೆ ಬಳಿದ ಗಂಧ ತಣ್ಣಗಿತ್ತು, ಒಳಗೆ ಮಾತ್ರ ಉರಿ. ಹುಡುಗಿ ಕೈತಪ್ಪಿದರೂ ಸರಿ, ನಿಜ ಹೇಳಿಬಿಡಬೇಕೆಂದು ಬೆಟ್ಟದ ಮೆಟ್ಟಿಲು ಇಳಿಯುವಾಗ ನಿರ್ಧರಿಸಿದ.

ನಿಶ್ಚಿತಾರ್ಥದ ಬೆಳಿಗ್ಗೆ, ತಾಂಬೂಲದ ತಟ್ಟೆ ಬದಲಾಯಿಸುವ ಮೊದಲು, ಅವಳನ್ನು ಹಿತ್ತಲಿಗೆ ಕರೆದ. ಕೈಯಲ್ಲಿ ಅದೇ ಹಳದಿ ಚೀಲವಿತ್ತು. ಪೂಂಗೊಡಿ ಅವನ ನುಣ್ಣನೆಯ ತಲೆಯನ್ನು ಕಣ್ತುಂಬ ನೋಡಿದಳು. ಇವತ್ತು ಕದ್ದು ನೋಡುವ ಗೋಜಿಗೇ ಹೋಗಲಿಲ್ಲ.

"ಇದು ಮತ್ತೆ ಬೆಳೆಯೋದಿಲ್ಲ ರೀ" ಎಂದ. "ಯಾವತ್ತೂ ಬೆಳೆಯೋದಿಲ್ಲ."

"ಬೆಳೀದಿದ್ರೆ ಒಳ್ಳೇದೇ ಆಯ್ತು. ಕೂದಲು ನೋಡಿ ನೋಡಿ ನಂಗೆ ಸಾಕಾಗಿದೆ."

ಅವನಿಗೆ ಅರ್ಥವಾಗಲಿಲ್ಲ. ತನ್ನ ಮಾತು ಅವಳಿಗೆ ತಿಳಿಯಲಿಲ್ಲವೆಂದುಕೊಂಡು ಚೀಲದ ಬಾಯಿ ಬಿಡಿಸಿ ಮುಂದೆ ಹಿಡಿದ. ಅವಳು ಬೆಚ್ಚಲಿಲ್ಲ. ಕೈ ಹಾಕಿ ವಿಗ್ಗನ್ನು ಹೊರಗೆ ತೆಗೆದು, ಮುಷ್ಟಿಯ ಮೇಲೆ ಕೂರಿಸಿಕೊಂಡು ತಿರುಗಿಸಿದಳು. ಅವಳ ಒರಟು ಬೆರಳು ನೇರವಾಗಿ ಎಡಗಿವಿಯ ಮೇಲಿನ ಸುಳಿಗೆ ಹೋಗಿ ನಿಂತಿತು.

"ಇಂಥ ಬೆರಳಿನ ಹುಡುಗಿ ಬೇಡ ಅಂತ ಒಬ್ರು ಎದ್ದು ಹೋದ ಮಾರನೇ ದಿನ ನಮ್ಮ ಕಂಪನೀಲಿ ನಾನೇ ಕೂತು ಹೆಣೆದಿದ್ದು ಇದು, ಅವತ್ತು ಕೈ ನಡುಗಿ ಈ ಸುಳಿ ಸೊಟ್ಟಗಾಯ್ತು, ಫಾರಿನ್‌ಗೆ ಕಳಿಸೋಕಾಗಲ್ಲ ಅಂತ ಸೂಪರ್‌ವೈಸರ್ ಪಕ್ಕಕ್ಕೆ ಎಸೆದ್ರು."