ಹಟ್ಟಿಯ ನಡುವಿನ ಗೆರೆ

ಪ್ರಸನ್ನಕುಮಾರ್ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ, ಪೆನ್ನಿನ ತುದಿಯಿಂದ ಒಂದು ಕೆಂಪು ಗೆರೆ ತೋರಿಸಿದ. ವಾರ್ಡುಗಳ ಗಡಿ ಗುರುತಿಸಲು ನೇಮಕವಾದ ಅಧಿಕಾರಿ ಅವನು. ಲಕ್ಷ್ಮೀದೇವಿ ಬಗ್ಗಿ ನೋಡಿದಳು. ಗೆರೆ ಅವಳ ಮನೆ ಮುಂದಿನ ಓಣಿಯಲ್ಲೇ ಹಾದುಹೋಗಿತ್ತು.

"ಹಿಂಗಾದ್ರೆ ನಾನೊಂದು ವಾರ್ಡು, ಎದುರು ಮನೇಲಿರೋ ನನ್ನ ವಾರಗಿತ್ತಿ ಇನ್ನೊಂದು ವಾರ್ಡು. ಒಂದೇ ಹಟ್ಟಿ ಸ್ವಾಮಿ. ಅರ್ಧ ಅತ್ತಾಗೆ, ಅರ್ಧ ಇತ್ತಾಗೆ ಎಳ್ದವ್ರೆ."

ಹಾಗೆ ಎಳೆದ ಕಾರಣ ಗುಟ್ಟೇನಲ್ಲ. ಹಟ್ಟಿ ಇಡಿಯಾಗಿದ್ದರೆ ತನ್ನವರೊಬ್ಬರನ್ನು ಪಂಚಾಯಿತಿಗೆ ಕಳಿಸುವಷ್ಟು ಓಟು ಅಲ್ಲಿತ್ತು. ಎರಡು ಹೋಳಾದರೆ ಎರಡೂ ಕಡೆ ಊರಿನವರದೇ ಮೇಲುಗೈ. ಹಿಂದಿನ ಸಲವೂ ಹೋಳು ಮಾಡಿದ್ದರು. ಹಟ್ಟಿಯಿಂದ ಯಾರೂ ಗೆಲ್ಲಲಿಲ್ಲ. ಹೊಸ ನೀರಿನ ಪೈಪು ಊರು ಮುಗಿಯುವಲ್ಲೇ ಮುಗಿಯಿತು. ಇಂದು ಆಕ್ಷೇಪಣೆ ಕೇಳುವ ಕೊನೆಯ ದಿನ. ಸಂಜೆ ನಕ್ಷೆ ಮೇಲಕ್ಕೆ ಹೋದರೆ ಇನ್ನೊಂದು ಚುನಾವಣೆಯ ಕಥೆಯೂ ಅಷ್ಟೇ.

ಊರೊಳಗಿನ ಸರಸಮ್ಮ ಸೆರಗು ಹೊದ್ದು ಪಕ್ಕದಲ್ಲಿ ನಿಂತಿದ್ದಳು. ಐ.ಡಿ.ಹಳ್ಳಿ ಕಡೆಯಿಂದ ಮೊದಲ ಬಸ್ಸಿಗೆ ಇಬ್ಬರೂ ಮಧುಗಿರಿಯ ಈ ಕಚೇರಿಗೆ ಹೊರಟು ಬಂದಿದ್ದರು. ಹಿಂದೆ ಲಕ್ಷ್ಮೀದೇವಿ ಒಬ್ಬಳೇ ಅಲೆದಿದ್ದಳು. ಒಮ್ಮೆ ಸಾಹೇಬರು ಮೀಟಿಂಗಿನಲ್ಲಿದ್ದರು, ಇನ್ನೊಮ್ಮೆ ನಕ್ಷೆಯೇ ಬಂದಿರಲಿಲ್ಲ. ಬೇಸತ್ತು ಈ ಸಲ ಸರಸಮ್ಮನನ್ನು ಕರೆದಿದ್ದಳು. ಚಿಕುನ್‌ಗುನ್ಯ ಬಂದು ಸರಸಮ್ಮ ಹಾಸಿಗೆ ಹಿಡಿದಾಗ ಹಿತ್ತಿಲ ಬಾಗಿಲಿಗೆ ರಾಗಿ ಗಂಜಿ ತಂದುಕೊಟ್ಟವಳು ಲಕ್ಷ್ಮೀದೇವಿಯೇ. ಕೊಟ್ಟದ್ದನ್ನು ಎಂದೂ ಎತ್ತಿ ಆಡಿದವಳಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟು, "ನೀನು ಬಾಯಿ ಬುಟ್ರೆ ಸಾಕು ಕಣಕ್ಕ," ಎಂದಿದ್ದಳು.

"ಬತ್ತೀನಿ ಅಂದೆ, ಬಂದಿದೀನಿ. ಅದ್ಕಿಂತ ಮುಂದಿಂದು ನಂಗೊತ್ತಿಲ್ಲ," ಎಂದಿದ್ದಳು ಸರಸಮ್ಮ.

ಪ್ರಸನ್ನಕುಮಾರ್ ಕೆಟ್ಟವನಲ್ಲ. ಸರಸಮ್ಮ ಮಂಡಿ ಒತ್ತಿಕೊಳ್ಳುವುದನ್ನು ಕಂಡು ತಾನೇ ಎದ್ದು ಕುರ್ಚಿ ಎಳೆದುಕೊಟ್ಟ. ಫ್ಯಾನನ್ನು ಅವಳ ಕಡೆ ತಿರುಗಿಸಿದ. ಮಾತು ಮಾತ್ರ ಇದ್ದಲ್ಲಿಯೇ ಇತ್ತು. ಈ ಗೆರೆ ಕಚೇರಿಯವರು ಎಳೆದದ್ದಲ್ಲ, ನಿಮ್ಮ ಪಂಚಾಯಿತಿಯೇ ಸಭೆ ಮಾಡಿ ಒಪ್ಪಿ ಕಳಿಸಿದೆ ಎಂದ. ಸಭೆಯೇ ನಡೆದಿಲ್ಲ ಎಂದಳು ಲಕ್ಷ್ಮೀದೇವಿ.

"ಹಾಗಾದರೆ ಇದನ್ನು ಬರೆಸಿದ್ದು ಯಾರು?"

ಅವನು ಕೇಳಿದ್ದು ಸರಸಮ್ಮನನ್ನು. ಅವಳ ತುಟಿ ಅಲುಗಿತು, ಹೆಸರು ಬರಲಿಲ್ಲ. ತಲೆ ತಗ್ಗಿಸಿದಳು. ಲಕ್ಷ್ಮೀದೇವಿ ಸ್ವಲ್ಪ ಕಾದು, ತಾನೇ ಹೇಳಿದಳು. "ಸಂಜೀವಯ್ಯ."

"ಅಧ್ಯಕ್ಷರ ಮೇಲೇ ದೂರು. ಇವರಿಗೆ ಹೆಸರು ಹೇಳೋಕೂ ಹೆದರಿಕೆ." ಪ್ರಸನ್ನಕುಮಾರನ ದನಿ ಮೆತ್ತಗಾಯಿತು. "ಹೆದರಬೇಡಿ ಅಮ್ಮ."

"ಹೆದರಿಕೆ ಅಲ್ಲ, ಅಭ್ಯಾಸ," ಎಂದಳು ಸರಸಮ್ಮ.

ಒಂದೇ ದಾರಿ ಉಳಿದಿದೆ ಎಂದು ಅವನು ಬಿಡಿಸಿ ಹೇಳಿದ. ಹತ್ತು ಜನ ಬಂದು ಏನೇ ಹೇಳಲಿ, ಪಂಚಾಯಿತಿಯ ಅಭಿಪ್ರಾಯದ ಮುಂದೆ ಅದು ನಿಲ್ಲದು. ಸಭೆ ನಡೆದಿಲ್ಲವೆಂದು ಅಧ್ಯಕ್ಷರೇ ತನ್ನೆದುರು ಹೇಳಿದರೆ ಮಾತ್ರ ಗೆರೆಯನ್ನು ಅಳಿಸಿ ಮತ್ತೆ ಎಳೆಯಬಹುದು. ಹೇಳಿ ಫೋನು ಮಾಡಿದ. ಅಧ್ಯಕ್ಷರು ಮಧುಗಿರಿ ಪೇಟೆಯಲ್ಲೇ ಇದ್ದಾರಂತೆ, ಬರುತ್ತಾರಂತೆ.

ಸಂಜೀವಯ್ಯ ಬಂದ. ಜವಾನ ಎದ್ದು ನಿಂತ. "ಬನ್ನಿ ಅಧ್ಯಕ್ಷರೇ," ಎಂದು ಪ್ರಸನ್ನಕುಮಾರ್ ಕೈ ಮುಗಿದ. ಕೇಳದೆಯೇ ಟೀ ಬಂತು. ಕುರ್ಚಿಯಲ್ಲಿ ಕುಳಿತವಳನ್ನು ಕಂಡು ಸಂಜೀವಯ್ಯನ ಮುಖ ಬಿಗಿಯಿತು.

"ನೀನ್ಯಾಕೆ ಇಲ್ಲಿಗೆ ಬಂದೆ?"

"ಲಕ್ಷ್ಮೀದೇವಿ ಕರೆದ್ಲು."

"ಅವ್ಳು ಕರೆದ್ರೆ ಬಂದ್ಬುಡೋದಾ? ಹೊಟ್ಟೆಗೆ, ಬಟ್ಟೆಗೆ ನಾನೇನು ಕಮ್ಮಿ ಮಾಡಿದೀನಿ ನಿಂಗೆ?"

ಸರಸಮ್ಮ ಸೆರಗಿನ ಅಂಚು ಸರಿಮಾಡಿಕೊಂಡಳು.

"ಕಮ್ಮಿ ಆಗಿರೋದು ಹಟ್ಟಿಗೆ," ಎಂದಳು ಲಕ್ಷ್ಮೀದೇವಿ.

ಸಂಜೀವಯ್ಯ ಅವಳತ್ತ ತಿರುಗಲೂ ಇಲ್ಲ. ಟೀ ಲೋಟ ಎತ್ತಿಕೊಂಡು ನಕ್ಕ. ಹೆಂಗಸರು, ಯಾರೋ ತಲೆ ಕೆಡಿಸಿದ್ದಾರೆ, ಸಭೆ ನಡೆದಿದೆ, ಎಲ್ಲರೂ ಒಪ್ಪಿದ್ದಾರೆ ಎಂದು ಸಾಹೇಬರಿಗೆ ತಿಳಿಸಿದ.

ಪ್ರಸನ್ನಕುಮಾರ್ ನಕ್ಷೆ ಮಡಿಸತೊಡಗಿದ. ಅವನಿಗೂ ಅದು ಹಿತವಾಗಿರಲಿಲ್ಲ. ಮಡಿಕೆಗಳು ಸರಿಯಾಗಿ ಕೂರಲಿಲ್ಲ. ಅಧ್ಯಕ್ಷರೇ ಹೇಳಿದ ಮೇಲೆ ತನ್ನ ಕೈಲಿ ಏನೂ ಇಲ್ಲವೆಂದ.

ಲಕ್ಷ್ಮೀದೇವಿ ಸರಸಮ್ಮನ ಕಡೆ ತಿರುಗಿದಳು. ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ತಾನು ಕುಡಿಯದೆ ಅವಳ ಕೈಗೆ ಕೊಟ್ಟಳು.

"ಕುಡ್ಕಳಕ್ಕ. ಬಿಸ್ಲು ಏರೈತೆ. ಒಂದು ಗಂಟೆ ಬಸ್ಸಿಗೆ ಹೋಗಾಣ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸರಸಮ್ಮ ಎದ್ದುಬಿಡುತ್ತಿದ್ದಳೇನೋ. ಬಾಟಲಿ ಹಿಡಿದು ಹಾಗೆಯೇ ಕುಳಿತಳು.

"ಸಭೆ ಆಗಿಲ್ಲ. ಬರ್ಕೊಳಿ ಸ್ವಾಮಿ," ಎಂದಳು ಸರಸಮ್ಮ.

"ಎದ್ದೇಳು ಅಂದೆ," ಎಂದ ಸಂಜೀವಯ್ಯ.

ಪ್ರಸನ್ನಕುಮಾರನ ತಾಳ್ಮೆ ಮುಗಿದಿತ್ತು. "ನಿಮ್ಮ ಮಾತು ಬರೆದುಕೊಂಡು ಏನು ಮಾಡಲಮ್ಮ? ಅಧ್ಯಕ್ಷರು ಹೇಳಬೇಕು ಅಂತ ಆಗಿಂದ ಹೇಳ್ತಿದ್ದೀನಿ. ಆಯಿತು, ನಿಮ್ಮ ಸಮಾಧಾನಕ್ಕೆ ಬರೀತೀನಿ. ಹೆಸರು ಹೇಳಿ."

"ಸರಸಮ್ಮ, ಕೋಂ ಸಂಜೀವಯ್ಯ," ಎಂದಳು ಅವಳು. "ಪಂಚಾಯಿತಿ ಅಧ್ಯಕ್ಷೆ ನಾನೇ."