ತೆಗೆದುಹಾಕಬೇಕೆಂದಿದ್ದ ಆ ಒಂದು ಪದ

ಒಂದೇ ಒಂದು ಪದ ನೋಡಿ... ಅದಕ್ಕಾಗಿ ಒಂದಿಡೀ ವಾಟ್ಸಾಪ್ ಗ್ರೂಪ್ ಹೊತ್ತಿ ಉರಿಯುತ್ತಿತ್ತು!

ಧಾರವಾಡದ ಕೆಲವು ಗೆಳೆಯರು ಸೇರಿ, ಶಾಲಾ ಮಕ್ಕಳಿಗಾಗಿ ಕನ್ನಡದಲ್ಲೇ ಒಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದರು. ಹೆಸರು ‘ಹೆಜ್ಜೆ’.

ಅದರಲ್ಲಿ ಒಂದು ನಿಯಮ... ‘ಹೀಗಾದರೆ ಹೀಗೆ ಮಾಡು’ ಎಂದು ಕಂಪ್ಯೂಟರಿಗೆ ಹೇಳಿದ ಮೇಲೆ, ಕೊನೆಗೆ ‘ಮುಗಿಯಿತು’ ಎಂದು ಬರೆಯಲೇಬೇಕು.

ಗುಂಪಿನ ಚುರುಕು ಇಂಜಿನಿಯರ್ ಗುರುಸಿದ್ಧನಿಗೆ ಆ ಪದ ಕಂಡರೆ ಆಗದು.

"ಸಾಲು ಒಂಚೂರು ಒಳಗ ಸರಿಸಿ ಬರದ್ರ ಕಣ್ಣಿಗೇ ಕಾಣಸ್ತದಲ್ರೀ, ಎಲ್ಲಿ ಮುಗೀತು ಅಂತ! ಮತ್ಯಾಕ ಈ ಬಾಲ?"

ಅವನ ಪ್ರಕಾರ ಅದು ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕಿದ ಹಾಗೆ.

ಒಬ್ಬರು ಹೌದೆಂದರು, ಇನ್ನೊಬ್ಬರು ಇರಲಿ ಎಂದರು... ಗುಡ್ ಮಾರ್ನಿಂಗ್ ಕಳಿಸುವವರೂ ಕಳಿಸುವುದನ್ನು ಬಿಟ್ಟರು ಎಂದರೆ ಜಗಳ ಎಷ್ಟು ಜೋರಿರಬೇಕು!

ಆ ಪದ ಹೋದರೆ, ಭಾಷೆಯ ಹೊಸ ಆವೃತ್ತಿಯಲ್ಲಿ ಬದಲಾವಣೆ ತಂದವನೆಂದು ಗುರುಸಿದ್ಧನ ಹೆಸರು ಬರುತ್ತಿತ್ತು. ಅದೇ ಅವನ ಆಸೆ.

ಆದರೆ ಗುಂಪಿನ ಹಿರಿಯರು, ನಿವೃತ್ತ ಮಾಸ್ತರು ಕಟ್ಟೀಮನಿ ಸರ್, ಮೊದಲಿನಿಂದಲೂ ಒಂದು ಪದ್ಧತಿ ಇಟ್ಟಿದ್ದರು.

ಏನನ್ನಾದರೂ ತೆಗೆಯಬೇಕು ಎನ್ನುವವನು, ಮೊದಲು ಅದನ್ನು ಬಳಸುವವರನ್ನು ಕಂಡು ಬರಬೇಕು... ಬಂದು ಸಭೆಯಲ್ಲಿ ಅವರ ಪರವಾಗಿಯೇ ಮಾತಾಡಬೇಕು!

"ಸಾಲ್ಯಾಗ ‘ಹೆಜ್ಜೆ’ ಕಲಸ್ತಾರಲ್ಲ, ಆ ನೀಲಾಂಬಿಕಾ ಟೀಚರ್ ಕಡೆ ಹೋಗಿ ಬಾರಪಾ. ಆಮ್ಯಾಲ ನಿನ್ನ ಮಾತು ಕೇಳೂಣು," ಎಂದರು.

"ಅದೇನ್ ದೊಡ್ಡ ಕೆಲಸ ಬಿಡ್ರಿ," ಎಂದು ನಗುತ್ತಲೇ ಹೊರಟ ಗುರುಸಿದ್ಧ.

ಹೋಗಿ ನೋಡಿದರೆ... ಅದು ಅಂಧ ಹೆಣ್ಣುಮಕ್ಕಳ ಶಾಲೆ. ಟೀಚರ್‌ಗೂ ಕಣ್ಣು ಕಾಣದು.

ಕಂಪ್ಯೂಟರ್ ಪ್ರತಿ ಸಾಲನ್ನೂ ಓದಿ ಹೇಳುತ್ತಿತ್ತು, ಹುಡುಗಿಯರು ಕೇಳಿಸಿಕೊಂಡು ಪಟಪಟ ಟೈಪ್ ಮಾಡುತ್ತಿದ್ದರು.

ಅವನು ಬಂದ ಕಾರಣ ಕೇಳಿ ಟೀಚರ್ ಸಿಟ್ಟಾಗಲಿಲ್ಲ. "ಒಂಚೂರು ಕಣ್ಣ ಮುಚ್ಕೋರಿ. ನಿಮ್ಮ ಹೊಸಾ ರೀತಿಯೊಳಗ ಬರದದ್ದು ಕೇಳ್ರಿ."

ಕಂಪ್ಯೂಟರ್ ಓದಿತು... "ಮಳೆ ಬಂದರೆ... ಛತ್ರಿ ತಗೋ... ಶಾಲೆಗೆ ಹೋಗು."

"ಈಗ ಹೇಳ್ರಿ... ಮಳಿ ಬರದಿದ್ರ ಹುಡುಗಿ ಸಾಲಿಗೆ ಹೋಗಬೇಕೋ, ಬ್ಯಾಡೋ?"

ಗುರುಸಿದ್ಧ ಇನ್ನೊಮ್ಮೆ ಓದಿಸಿ ಕೇಳಿದ. ಒಳಗೆ ಸರಿಸಿದ ಸಾಲು ಯಾವುದು, ಹೊರಗಿನದು ಯಾವುದು, ಕಿವಿಗೆ ಹೇಗೆ ಗೊತ್ತಾಗಬೇಕು ಹೇಳಿ?

"ಈಗ ಹಳೇದು ಕೇಳ್ರಿ," ಎಂದರು ಟೀಚರ್.

"ಮಳೆ ಬಂದರೆ... ಛತ್ರಿ ತಗೋ... ಮುಗಿಯಿತು... ಶಾಲೆಗೆ ಹೋಗು."

"ಮಳಿ ಬರಲಿ ಬಿಡಲಿ, ಸಾಲಿಗೆ ಹೋಗಾಕಬೇಕ್ರೀ!" ಹುಡುಗಿಯರೆಲ್ಲ ಒಟ್ಟಿಗೆ ಕೂಗಿ ನಕ್ಕರು.

ಗುರುಸಿದ್ಧನೂ ನಕ್ಕ. ಒಳಗೊಳಗೇ ನಾಚಿಕೆಯೂ ಆಯಿತು. ಬಾಲ, ಬಾಲ ಎಂದು ಎಷ್ಟು ಆಡಿಕೊಂಡಿದ್ದನಲ್ಲ...

ಭಾನುವಾರ ಸಭೆ. ಪದ್ಧತಿಯಂತೆ ಅವನು ಮೊದಲು ‘ಮುಗಿಯಿತು’ ಪದದ ಪರ ಮಾತಾಡಿದ. ಎಲ್ಲರ ಕಣ್ಣು ಮುಚ್ಚಿಸಿ, ಆ ಛತ್ರಿಯ ಸಾಲುಗಳನ್ನು ‘ಮುಗಿಯಿತು’ ಇಲ್ಲದೆ ಓದಿ, ಟೀಚರ್ ಕೇಳಿದ ಪ್ರಶ್ನೆಯನ್ನೇ ಕೇಳಿದ.

ಅರ್ಧ ಜನ ಹೋಗಬೇಕೆಂದರು, ಇನ್ನರ್ಧ ಜನ ಬೇಡವೆಂದರು.

"ಛಲೋ ಆತು. ಈಗ ನಿನ್ನ ಕಡೆಯಿಂದ ಮಾತಾಡಪಾ," ಎಂದರು ಕಟ್ಟೀಮನಿ ಸರ್.

"ನನ್ನ ಕಡೆ ಈಗ ನಾನೂ ಇಲ್ರೀ ಸರ್!"

ಸಭೆ ಗೊಳ್ಳೆಂದು ನಕ್ಕಿತು. ಪದ ಉಳಿಯಿತು. ಹೊಸ ಆವೃತ್ತಿಯಲ್ಲಿ ಗುರುಸಿದ್ಧನ ಹೆಸರು ಬರಲಿಲ್ಲ... ಆದರೂ ಅವನ ಮನಸ್ಸು ಯಾಕೋ ಹಗುರವಾಗಿತ್ತು.

ಅಂದು ಸಂಜೆ ಟೀಚರ್ ಫೋನಿನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಹುಡುಗಿಯರು ಅವನಿಗಾಗಿಯೇ ಬರೆದ ಪುಟ್ಟ ಪ್ರೋಗ್ರಾಮನ್ನು ಕಂಪ್ಯೂಟರ್ ಓದುತ್ತಿತ್ತು...

"ಗುರುಸಿದ್ಧಣ್ಣ ಮತ್ತೆ ಬಂದರೆ... ಶೇಂಗಾ ಉಂಡೆ ಕೊಡು... ಮುಗಿಯಿತು... ಥ್ಯಾಂಕ್ಸ್ ಹೇಳು."

ಉಂಡೆ ಸಿಗುವುದು ಬಂದರೆ ಮಾತ್ರ. ಥ್ಯಾಂಕ್ಸ್ ಹಾಗಲ್ಲ... ಅವನು ಬಂದರೂ ಇದೆ, ಬರದಿದ್ದರೂ ಇದೆ!

ಗುರುಸಿದ್ಧ ಕಣ್ಣು ಮುಚ್ಚಿಕೊಂಡೇ ಅದನ್ನು ಮತ್ತೆ ಮತ್ತೆ ಕೇಳಿದ. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು...

ಮರುದಿನ ಬೆಳಿಗ್ಗೆಯೇ ಉಂಡೆ ತಿನ್ನಲು ಹೊರಟುಬಿಟ್ಟ ಪುಣ್ಯಾತ್ಮ!

ನಮ್ಮ ಕಣ್ಣಿಗೆ ಹೆಚ್ಚಾಯಿತು ಅನ್ನಿಸಿದ್ದು, ಇನ್ನೊಬ್ಬರಿಗೆ ದಾರಿ ತೋರಿಸುತ್ತಿರಬಹುದು.

"ಇದೆಲ್ಲ ಯಾಕೆ ಬೇಕು?" ಎಂದು ನೀವು ಇತ್ತೀಚೆಗೆ ತೆಗೆದುಹಾಕಿದ್ದು ಏನು... ಅದು ಯಾರಿಗೆ ಬೇಕಿತ್ತು ಅಂತ ಒಮ್ಮೆಯಾದರೂ ಕೇಳಿದ್ರಾ?